ಮಗ್ಗ ಉಳಿಸೋಕೆ ಮೂರು ಜಾಹೀರಾತು

ನೆಂಟರು ಊಟದ ಹೊತ್ತಿಗೆ ಸರಿಯಾಗಿ ಬರ್ತಾರೆ, ಜಾಹೀರಾತು ಮಾತ್ರ ಯಾವತ್ತೂ ಹೊತ್ತಿಗೆ ಬರಲ್ಲ. ಆರ್.ಎಸ್. ಪುರಂನಲ್ಲಿ ಜಾಹೀರಾತಿನ ಅಂಗಡಿ ಇಟ್ಟಿರೋ ನನ್ನ ಹಣೆಬರಹ ಇದು. ಸಿರುಮುಗೈಯಲ್ಲಿ ಕೈಮಗ್ಗ ನೇಯೋ ನಮ್ಮ ಚಿಕ್ಕಮ್ಮನ ವಿಷಯದಲ್ಲಂತೂ ಕೇಳಲೇಬೇಡಿ. ನೇಯ್ದ ರೇಷ್ಮೆ ಸೀರೆಗಳು ದೀಪಾವಳಿಯೊಳಗೆ ಮಾರಿ ಹೋಗದಿದ್ರೆ ಮಗ್ಗ ಕಳಚಿ ಮಾರೋದು ಅಂತ ತೀರ್ಮಾನವಾಗಿತ್ತು.

ಗೋಡೆ

"ಗೋಡೆ ಮೇಲೆ ಬರೆಸು ಕಣೋ, ಗೋಡೆ ಓಡಿಹೋಗಲ್ಲ" ಅಂದಳು ಚಿಕ್ಕಮ್ಮ. ಆಡಿ, ಅಂದ್ರೆ ತಮಿಳರ ಆಷಾಢ ತಿಂಗಳ ರಿಯಾಯಿತಿ ಅಂತ ಬರೆಯೋಕೆ ಸೂಲೂರಿನ ಪೇಂಟರ್ ಬಂದ. ಸುಣ್ಣ ಒಣಗಲಿಲ್ಲ, ಮಳೆ ನಿಲ್ಲಲಿಲ್ಲ. ಬರೆದು ಮುಗಿಸೋ ಹೊತ್ತಿಗೆ ಆಡಿಯೇ ಮುಗಿದಿತ್ತು.

ಪೇಂಟರ್ ಬ್ರಷ್ ತೊಳೀತಾ ಸಮಾಧಾನ ಹೇಳಿದ: "ಬೇಜಾರಾಗ್ಬೇಡಿ ಅಕ್ಕಾ, ಮುಂದಿನ ಆಡಿಗೆ ಎಲ್ಲರಿಗಿಂತ ಮೊದಲು ನಾವೇ!"

ಫೋನು

ಗೋಡೆ ತಡ ಅಂತ ಎಲ್ಲರ ಫೋನಿಗೂ ವಿಡಿಯೋ ಬಿಟ್ಟೆ. ಚೆನ್ನಾಗಿ ಕಾಣಲಿ ಅಂತ ಮಗ್ಗದ ಮೇಲಿದ್ದ ನೀಲಿ ಸೀರೆಯನ್ನೇ ತೋರಿಸಿದ್ದೆ. ಕಾಫಿ ಆರೋದ್ರೊಳಗೆ ಕರೆಗಳು ಶುರು. ಎಲ್ಲರಿಗೂ ಅದೇ ನೀಲಿ, ಇವತ್ತೇ ಬೇಕಂತೆ. ಬೀರುವಿನಲ್ಲಿದ್ದ ಸೀರೆಗಳನ್ನು ಒಬ್ಬರೂ ಕೇಳಲಿಲ್ಲ.

ಚಿಕ್ಕಮ್ಮ ಫೋನಿನಲ್ಲೇ ರೇಗಿದಳು: "ಇನ್ನೂ ಸೆರಗೇ ನೇಯ್ದಿಲ್ಲ ತಾಯಿ. ಅರ್ಧ ಕಳಿಸ್ಲಾ, ಉಟ್ಕೋತೀಯಾ?"

ಪೋಸ್ಟರ್

ಹಬ್ಬ ಹತ್ತಿರ ಬಂತು. ಪೋಸ್ಟರ್ ಹಾಕ್ಸೋಣ ಅಂದ್ರೆ ಪ್ರೆಸ್ಸಿನವನು ಕೈಯೆತ್ತಿದ. "ದೀಪಾವಳಿ ಆರ್ಡರ್ ರಾಶಿ ಬಿದ್ದಿದೆ, ಹಬ್ಬ ಆದ್ಮೇಲೆ ಬನ್ನಿ. ಸಾವಿನ ಪೋಸ್ಟರ್ ಆದ್ರೆ ಮಾತ್ರ ಈಗಲೇ. ಹೆಣ ಕಾಯಲ್ವಲ್ಲ!"

"ಹಂಗಾದ್ರೆ ಮಗ್ಗಕ್ಕೇ ಸಾವಿನ ಪೋಸ್ಟರ್ ಹಾಕ್ಸು" ಅಂದಳು ಚಿಕ್ಕಮ್ಮ. "ಸುಳ್ಳೇನಲ್ಲ."

'ಕಣ್ಣೀರಿನ ವಿದಾಯ, ನಮ್ಮ ಕೈಮಗ್ಗಕ್ಕೆ. ಕೊನೆಯ ಸೀರೆಗಳು ಮಾರಾಟಕ್ಕಿವೆ' ಅಂತ ಬರೆದು, ಜೊತೆಗೆ ಚಿಕ್ಕಮ್ಮನದೊಂದು ಫೋಟೋ ಕೊಟ್ಟೆ. ಪ್ರೆಸ್ಸಿನವನು ಅಭ್ಯಾಸಬಲದಿಂದ ಕಪ್ಪು ಅಂಚು ಹಾಕಿ, ಆ ಫೋಟೋ ದೊಡ್ಡದು ಮಾಡಿ, 'ಕಣ್ಣೀರಿನ ವಿದಾಯ' ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಇರುವೆ ಗಾತ್ರಕ್ಕೆ ಇಳಿಸಿದ. ಮಧ್ಯಾಹ್ನಕ್ಕೆ ಸುತ್ತಲ ಊರಲ್ಲೆಲ್ಲ ಅಂಟಿತ್ತು.

ಸಂಜೆ ಅನ್ನೂರಿನಿಂದ ಮಾಮ, ಚಿಕ್ಕಮ್ಮನ ಅಣ್ಣ, ಎದೆ ಬಡಕೊಂಡು ಬಂದ. ಕಂಕುಳಲ್ಲಿ ಹೊಸ ಸೀರೆ. ನಮ್ಮಲ್ಲಿ ಹೆಣ್ಣು ತೀರಿಕೊಂಡ್ರೆ ಹೆಣಕ್ಕೆ ಹೊದಿಸೋ ಸೀರೆ ತವರಿನವರೇ ತರಬೇಕು. ಬಾಗಿಲಲ್ಲಿ ತಂಗಿ ನಿಂತಿದ್ದು ನೋಡಿ ಕುಸಿದು ಕೂತ.

"ಒಂದು ಫೋನ್ ಮಾಡಿ ಕೇಳ್ಬಾರ್ದಾ ಅಣ್ಣಾ?"

"ಸತ್ತೋಳಿಗೆ ಹೆಂಗೆ ಫೋನ್ ಮಾಡ್ಲಿ?"

ಚಿಕ್ಕಮ್ಮ ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಕೈಮಗ್ಗದ್ದಲ್ಲ, ಪವರ್‌ಲೂಮ್ ಮಾಲು. "ಅಯ್ಯೋ ಪಾಪಿ! ನಾನು ಸತ್ತಾಗಲಾದ್ರೂ ನನ್ನ ಹತ್ರ ತಗೋಬಾರ್ದಿತ್ತಾ?"

"ನೀನೇ ಸತ್ಮೇಲೆ ಬೀರು ಯಾರು ತೆಗೀತಾರಮ್ಮಾ?"

ಇಬ್ಬರೂ ನಕ್ಕರು, ಆಮೇಲೆ ಅತ್ತರು.

ಸೀರೆಗಳು ಬೀರುವಿನಲ್ಲೇ ಉಳಿದವು. ಹಬ್ಬದ ಮರುದಿನ ಬೆಳಿಗ್ಗೆ ಮಗ್ಗ ಕೊಳ್ಳೋವ್ನು ವ್ಯಾನ್ ತಂದು ಬಾಗಿಲಿಗೇ ನಿಲ್ಲಿಸಿದ. ಹೇಳಿದ ಹೊತ್ತಿಗೆ ಸರಿಯಾಗಿ ಬಂದವನು ಅವನೊಬ್ಬನೇ. ಅವನಿಗೆ ನಾವು ಜಾಹೀರಾತೇ ಕೊಟ್ಟಿರಲಿಲ್ಲ.