ಹೊಸ್ತಿಲು ದಾಟದ ಚೀಲ

ಗೊರೇಬಾಳದ ಜನರ ಆರೋಗ್ಯ ಕಾಪಾಡುವ ಹೊಣೆಯನ್ನು ಆ ಸುಗ್ಗಿಯಲ್ಲಿ ನಾನು ಹೆಗಲ ಮೇಲೆ ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ! ಊರಿಗೆಲ್ಲ ಒಂದೇ ಫೋನು ಇದ್ದ ಕಾಲ. ನಾನು ಅಲ್ಲಿನ ಶಾಲೆಯ ಮಾಸ್ತರ. ಸಿಂಧನೂರಿನ ಒಂದು ಸಣ್ಣ ಆಸ್ಪತ್ರೆಯವರು ಯೋಜನೆ ತಂದಿದ್ದರು: ಸುಗ್ಗಿಯಲ್ಲಿ ಮನೆಗೊಂದು ಚೀಲ ಭತ್ತ ಕೊಟ್ಟರೆ, ವರ್ಷವಿಡೀ ಆ ಮನೆಯವರ ಚಿಕಿತ್ಸೆಯ ಖರ್ಚಿನಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಯದು. ಪ್ರಚಾರಕ್ಕೆ ನಾನಿದ್ದೆ.

ಎದುರುಮನೆಯ ಖಾಸಿಂ ಮಾತ್ರ ಬಗ್ಗಲಿಲ್ಲ. "ಬ್ಯಾನಿ ಬರೋಕಿಂತ ಮೊದ್ಲ ನೆಲ್ಲು ಕೊಡೂದಂದ್ರ, ಬಾ ಅಂತ ಅದನ್ನ ಕರದಂಗ ಆಕೈತಲ್ರೀ ಮಾಸ್ತರ?"

ಅವನ ಹೆಂಡತಿ ಹುಸೇನಬಿ ತುಂಬು ಬಸುರಿ. ಮೊದಲ ಹೆರಿಗೆಯಲ್ಲಿ ದುಡ್ಡು ಹೊಂದಿಸುವಷ್ಟರಲ್ಲಿ ಹೊತ್ತು ಮೀರಿ ಕೂಸು ಉಳಿದಿರಲಿಲ್ಲ. ಅದು ನೆನಪಾಗಿ ನನಗೆ ನಿಜಕ್ಕೂ ಸಂಕಟವಾಯಿತು.

"ಖಾಸಿಂ, ಬ್ಯಾನಿ ನಮ್ಮನ್ನ ಕೇಳಿ ಬರೂದಿಲ್ಲೋ. ಅದು ಬರೂ ಹೊತ್ತಿಗೆ ನಾವು ತಯಾರ ಇರಬೇಕು!" ಎಂದೆ. ಮರುದಿನವೇ ಅವನು ಚೀಲ ಕೊಟ್ಟ. ನಾನು ಎದೆಯುಬ್ಬಿಸಿ ಓಡಾಡಿದೆ.

ಚೀಲ ಒಪ್ಪಿಸುವ ಕೊನೆಯ ದಿನ ಟ್ರ್ಯಾಕ್ಟರ್ ಬಂತು. ಊರ ಚೀಲಗಳೆಲ್ಲ ಏರಿದವು. "ಮಾಸ್ತರ, ನಿಮ್ಮದು?" ಎಂದ ಖಾಸಿಂ.

ನಮ್ಮದು! ಒಳಗೆ ಓಡಿದೆ. ಹೆಂಡತಿ ಶಾಂತಮ್ಮ ಅಡ್ಡ ನಿಂತಳು.

"ಶುಕ್ರವಾರ ಮನಿ ಲಕ್ಷ್ಮೀನ ಹೊರಗ ಕಳಸ್ತಾರೇನ್ರೀ?"

"ಮಂಗಳವಾರನೂ ಇದನ್ನ ಅಂದಿದ್ದಿ!"

"ಬುಧವಾರ ಅಂದಿದ್ದಿಲ್ಲಲ್ಲ. ಬುಧವಾರ ನೀವು ಕಟ್ಟಿ ಮ್ಯಾಲ ಭಾಷಣ ಮಾಡಾಕತ್ತಿದ್ರಿ."

ಮಾತಿನಲ್ಲಿ ಸೋತ ಗಂಡಸು ಏನು ಮಾಡುತ್ತಾನೆ? ಶಕ್ತಿ ಪ್ರದರ್ಶನ! "ನಾ ಹೊರತೀನಿ ಬಿಡ್ರೀ" ಎಂದು ಖಾಸಿಂ ಅಂದರೂ ಕೇಳದೆ ಚೀಲವನ್ನು ನಾನೇ ಬೆನ್ನಿಗೇರಿಸಿಕೊಂಡೆ. ಬಳಪಕ್ಕಿಂತ ಭಾರವಾದದ್ದನ್ನು ಹೊತ್ತು ಅಭ್ಯಾಸವಿಲ್ಲದ ಬೆನ್ನು ಅದು. ಹೊಸ್ತಿಲು ಎಡವಿದೆ. ನಾನು ಹೊರಗೆ ಬಿದ್ದೆ. ಚೀಲ ನನ್ನ ಕಾಲ ಮೇಲೆ, ಹೊಸ್ತಿಲ ಒಳಗೇ ಬಿತ್ತು. ಲಕ್ಷ್ಮಿ ಉಳಿದಳು, ಕಾಲು ಮುರಿಯಿತು!

ಊರವರ ಚೀಲಗಳ ಮೇಲೆ ಮಲಗಿಸಿ ಅದೇ ಟ್ರ್ಯಾಕ್ಟರಿನಲ್ಲಿ ನನ್ನನ್ನು ಸಿಂಧನೂರಿಗೆ ಒಯ್ದರು. ಡಾಕ್ಟರು ಪ್ಲಾಸ್ಟರ್ ಹಾಕಿ, "ಪೂರಾ ಖರ್ಚು ನಿಮ್ಮದ ರೀ. ಚೀಲ ನಮಗ ಬಂದು ಮುಟ್ಟಿದ ಮ್ಯಾಲ ಆದ ಬ್ಯಾನಿಗಷ್ಟ ರಿಯಾಯಿತಿ" ಎಂದರು. ಆಸ್ಪತ್ರೆಯವರು ಊರಿಗೆ ಬಂದು ಈ ನಿಯಮವನ್ನು ಓದಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ.

ಮರುದಿನ ಹುಸೇನಬಿಗೆ ಹೆರಿಗೆ ನೋವು ಬಂತು. ಈ ಸಲ ಖಾಸಿಂ ಯಾರ ಬಾಗಿಲಿಗೂ ಕೈಯೊಡ್ಡಿ ಹೋಗಲಿಲ್ಲ. ನೆಟ್ಟಗೆ ಆಸ್ಪತ್ರೆಗೇ ಕರೆತಂದ. ಬಹಳ ಹೊತ್ತಿನ ಮೇಲೆ ಪಕ್ಕದ ಕೋಣೆಯಿಂದ ಕೂಸಿನ ಅಳು ಕೇಳಿಸಿತು. ನನ್ನ ಕಣ್ಣು ತುಂಬಿ ಬಂತು. ಕಾಲು ನೋಯುತ್ತಿದೆ ಎಂದು ಹೆಂಡತಿಗೆ ಹೇಳಿದೆ.

ಖಾಸಿಂ ನಗುತ್ತ ಬಂದು ಮಂಚದ ಬದಿಗೆ ಕೂತ. ನನ್ನ ಕಾಲು ನೋಡಿ ಗಂಭೀರನಾದ.

"ಮಾಸ್ತರ, ಬ್ಯಾನಿ ನಮ್ಮನ್ನ ಕೇಳಿ ಬರೂದಿಲ್ಲ. ಅದು ಬರೂ ಹೊತ್ತಿಗೆ ನಾವು ತಯಾರ ಇರಬೇಕ್ರೀ. ಮುಂದಿನ ಸುಗ್ಗಿಗೆ ನೀವೂ ಸೇರ್ರಿ."

ಶಾಂತಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ಬುಧವಾರ ಬಂದು ಚೀಲ ನೀನ ಹೊತ್ಕೊಂಡು ಹೋಗಪಾ. ಇವರು ಕಟ್ಟಿ ಮ್ಯಾಲ ಭಾಷಣ ಮಾಡ್ತಿರ್ತಾರ."

ಎದ್ದು ಹೋಗೋಣವೆಂದರೆ ಕಾಲು ಪ್ಲಾಸ್ಟರಿನಲ್ಲಿತ್ತು.