ಅಳಿಯಂದಿರಿಗೆ ಸೋಯಾ ಆಗಲ್ಲ

ಚಾಂಗ್‌ಸಿಕ್ ಹೇಳಿದ್ದು ಸುಳ್ಳಲ್ಲ. ಔಷಧದಂಗಡಿಯ ಮಾಂಗ್ ಹೇಳಿದ ಮಾತನ್ನೇ ಅವನು ಹೆಂಡತಿಗೆ ಹೇಳಿದ. ಪೂರ್ತಿ ಹೇಳಲಿಲ್ಲ, ಅಷ್ಟೆ.

"ಈ ಥೈರಾಯ್ಡ್ ಮಾತ್ರೆಗೂ ಸೋಯಾಕ್ಕೂ ಆಗಿಬರಲ್ಲ," ಎಂದಿದ್ದ ಮಾಂಗ್, ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಇನ್ನೂ ಪೂರ್ತಿ ತೆಗೆಯುವ ಮೊದಲೇ. "ಎದ್ದ ತಕ್ಷಣ ಖಾಲಿ ಹೊಟ್ಟೇಲಿ ನುಂಗಿ. ಆಮೇಲೆ ನಾಲ್ಕು ಗಂಟೆ ಸೋಯಾ ಪದಾರ್ಥ ಮುಟ್ಟಬೇಡಿ. ನಾಲ್ಕು ಗಂಟೆ ಕಳೀತು ಅಂದ್ರೆ ಧಾರಾಳವಾಗಿ ತಿನ್ನಿ."

ಐದನೇ ಮಹಡಿಗೆ ಲಿಫ್ಟ್ ಏರುವಷ್ಟರಲ್ಲಿ ಚಾಂಗ್‌ಸಿಕ್‌ಗೆ ಕೊನೆಯ ಎರಡು ಮಾತುಗಳು ಅನಗತ್ಯವೆಂದು ತೋರಿದವು.

ಅದಕ್ಕೆ ಕಾರಣವಿತ್ತು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ, ಆ ಇಪ್ಪತ್ತನಾಲ್ಕು ವರ್ಷವೂ ಅವನ ಮನೆಯಲ್ಲಿ ದಿನಕ್ಕೆ ಒಂದು ಹೊತ್ತಾದರೂ ದ್ವೆಂಜಾಂಗ್ ಸಾರು. ಸೋಯಾ ಕಾಳು ಬೇಯಿಸಿ, ಕುಟ್ಟಿ, ಇಟ್ಟಿಗೆಯಂತೆ ಕಟ್ಟಿ, ಒಣಗಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿದ ಆ ಗೊಜ್ಜನ್ನು ಹಳ್ಳಿಯಿಂದ ಅತ್ತೆ ತಿಂಗಳು ತಿಂಗಳೂ ಕಳಿಸುತ್ತಿದ್ದಳು. ಅತ್ತೆಯ ದ್ವೆಂಜಾಂಗ್ ಅಂದರೆ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರುವಾಸಿ. ವಾಸನೆಗೂ ಅಷ್ಟೇ ಹೆಸರು. ಚಾಂಗ್‌ಸಿಕ್‌ನ ಕೋಟಿನೊಳಗೆ ಅದು ಬಾಡಿಗೆ ಕೊಡದ ಬಾಡಿಗೆದಾರನಂತೆ ನೆಲೆಸಿಬಿಟ್ಟಿತ್ತು. ಅವನು ಕೆಲಸ ಮಾಡುವ ಜಮೀನು ದಾಖಲೆ ಕಚೇರಿಗೆ ಹೊಸದಾಗಿ ಬಂದ ಮೇಲಧಿಕಾರಿ ಹೋದ ವಾರ, ಹೊರಗೆ ಹಿಮ ಬೀಳುತ್ತಿದ್ದಾಗ, ಎದ್ದು ಕಿಟಕಿ ತೆಗೆದು, "ಗೋಡೆ ಸಂದೀಲಿ ಇಲಿ ಏನಾದ್ರೂ ಸತ್ತಿದ್ಯಾ ನೋಡ್ರಪ್ಪ," ಎಂದಿದ್ದ. ಇಲಿ ಹುಡುಕಲು ಎಲ್ಲರ ಜೊತೆ ಚಾಂಗ್‌ಸಿಕ್ ಕೂಡ ಬಗ್ಗಿದ್ದ.

"ಹೇಸುಕ್, ನಂಗಿನ್ನು ಸೋಯಾ ಆಗಲ್ವಂತೆ," ಎಂದ ಅವನು ಬಾಗಿಲಲ್ಲೇ, ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು. "ಮಾತ್ರೆಗೆ ಆಗಿಬರಲ್ಲ ಅಂದ್ರು ಮಾಂಗ್."

ಹೇಸುಕ್ ಸಾರಿನ ಪಾತ್ರೆಯ ಮುಚ್ಚಳ ಹಿಡಿದುಕೊಂಡೇ ತಿರುಗಿದಳು. "ಸೋಯಾ ಅಂದ್ರೆ ಎಲ್ಲಾನೂ?"

"ಸೋಯಾ ಅಂದ್ರೆ ಸೋಯಾ."

ಈ ಮಾತು ಆಡಬಾರದಿತ್ತು ಎಂಬುದು ಅವನಿಗೆ ತಿಂಡಿಗೆ ಕೂತಾಗ ಗೊತ್ತಾಯಿತು. ಸಾರು ಹೋಗಿತ್ತು. ಜೊತೆಗೆ ಅವನಿಗೆ ಇಷ್ಟವಾದ ಹುರಿದ ತೋಫು ಹೋಗಿತ್ತು, ಸೋಯಾ ಮೊಳಕೆ ಪಲ್ಯ ಹೋಗಿತ್ತು. ಪಾಲಕ್‌ಗೆ ಸೋಯಾ ಸಾಸ್ ಬಿದ್ದಿತ್ತೆಂದು ಅದೂ ಹೋಗಿತ್ತು. ಕೆಂಪು ಮೆಣಸಿನ ಗೊಜ್ಜಿಗೂ ಸೋಯಾ ಹಾಕುತ್ತಾರೆಂಬುದು ಐವತ್ತೆರಡು ವರ್ಷಕ್ಕೆ ಅವನಿಗೆ ಮೊದಲ ಸಲ ತಿಳಿಯಿತು. ಎದುರಿಗೆ ಉಳಿದದ್ದು ಬಿಳಿ ಅನ್ನ, ಒಂದು ಬೇಯಿಸಿದ ಗೆಣಸು.

"ಒಂದು ಮೊಟ್ಟೆನಾದ್ರೂ ಕರೀಬಹುದಿತ್ತಲ್ಲ?"

"ಯಾವ ಎಣ್ಣೇಲಿ? ಶೀಶೆ ಮೇಲೆ ಏನಿದೆ ಓದಿ."

ಅವನು ಓದಿದ. ಸೋಯಾ ಎಣ್ಣೆ. ಶೀಶೆಯನ್ನು ಇಟ್ಟು ಗೆಣಸು ಸುಲಿಯತೊಡಗಿದ.

ಆಗ ಎದುರುಮನೆಯ ಕೋ ಬಂದಳು. ಅಪಾರ್ಟ್‌ಮೆಂಟಿನ ಮಹಿಳಾ ಸಂಘದ ಅಧ್ಯಕ್ಷೆ. ಯಾರ ಮನೆಯಲ್ಲಿ ಸೀನಿದರೂ ಇವಳ ಮನೆಯ ಬಾಗಿಲು ತೆರೆದುಕೊಳ್ಳುತ್ತಿತ್ತು. ಖಾಲಿ ಮೇಜು ನೋಡಿ, "ಏನಾಯ್ತು ತೇಯೂನ್ ಅಮ್ಮ, ಜಗಳವಾ?" ಎಂದು ಆಸೆಯಿಂದ ಕೇಳಿದಳು. ಸೈನ್ಯದ ಕಡ್ಡಾಯ ಸೇವೆಗೆ ಹೋಗಿರುವ ಮಗನ ಹೆಸರಿನಿಂದಲೇ ಅಲ್ಲಿ ಎಲ್ಲರೂ ಗಂಡ ಹೆಂಡತಿಯನ್ನು ಕರೆಯುತ್ತಿದ್ದರು. ಹೇಸುಕ್ ವಿಷಯ ಹೇಳಿದಳು. ಕೋ ಫೋನ್ ತೆಗೆದಳು. ಅಪಾರ್ಟ್‌ಮೆಂಟಿನ ಇನ್ನೂರ ನಲವತ್ತು ಮನೆಗಳ ಗುಂಪಿಗೆ ಸುದ್ದಿ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಚಾಂಗ್‌ಸಿಕ್‌ನ ಹೊಟ್ಟೆ ಗೆಣಸನ್ನು ಮರೆತು ಗುಡುಗುತ್ತಿತ್ತು. ಮಾತ್ರೆ ನುಂಗಿ ಐದು ಗಂಟೆ ಕಳೆದಿತ್ತು, ಲೆಕ್ಕದ ಪ್ರಕಾರ ಏನು ಬೇಕಾದರೂ ತಿನ್ನಬಹುದಿತ್ತು. ಕ್ಷೌರಕ್ಕೆ ಹೋಗಿ ಬರುತ್ತೇನೆಂದು ಹೇಳಿ ಸಂತೆ ಬೀದಿಯ ಹಿಂದಿನ ಚೀನೀ ಹೋಟೆಲಿಗೆ ಹೋಗಿ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಕಪ್ಪು ಗೊಜ್ಜಿನ ನೂಡಲ್ಸ್ ತರಿಸಿದ. ಬಟ್ಟಲು ಬಂತು. ಕಲಸಿದ. ಮೊದಲ ತುತ್ತು ಬಾಯಿಗೆ ಹೋಗಿ, ಅರ್ಧ ಒಳಗೆ ಅರ್ಧ ಹೊರಗೆ ಇರುವಾಗ ಹೆಗಲ ಮೇಲೆ ಒಂದು ಕೈ ಬಿತ್ತು.

"ಕಚ್ಚಿ ಬಟ್ಟಲಿಗೆ ಬಿಡಿ ತೇಯೂನ್ ಅಪ್ಪ. ನುಂಗಬೇಡಿ."

ಕೋ. ಕೈಯಲ್ಲಿ ತರಕಾರಿ ಚೀಲ.

ಅವನು ಕಚ್ಚಿ ಬಿಟ್ಟ. "ಇದು ಗೋಧಿ ಹಿಟ್ಟಿಂದು ಕಣಮ್ಮ," ಎಂದ, ಗಡ್ಡದ ಮೇಲೆ ಗೊಜ್ಜು ಇಳಿಯುತ್ತಿರುವಂತೆಯೇ.

"ನೂಡಲ್ಸು ಗೋಧೀದು. ಗೊಜ್ಜು ಯಾತರದು?" ಎಂದು ಅವಳು ಹೋಟೆಲಿನವನತ್ತ ತಿರುಗಿದಳು.

"ಸೋಯಾ ಕಾಳಿಂದು," ಎಂದ ಅವನು ಹೆಮ್ಮೆಯಿಂದ. ವಿಷಯ ತಿಳಿದ ಮೇಲೆ ಬಟ್ಟಲನ್ನು ತಾನೇ ಎತ್ತಿಕೊಂಡ. "ಕಾಯಿಲೆಯವರಿಗೆ ಬಡಿಸಿ ಆ ಪಾಪ ನಾನ್ಯಾಕೆ ಕಟ್ಕೊಳ್ಲಿ ಸಾರ್. ಬಿಸಿನೀರು ಕುಡೀರಿ."

ಚಾಂಗ್‌ಸಿಕ್ ಬಿಸಿನೀರು ಕುಡಿದ. ಕೋ ಅವನನ್ನು ಮನೆಯವರೆಗೆ, ಕಳೆದುಹೋದ ಹಸು ಸಿಕ್ಕಿದ ಹಾಗೆ, ಮುಂದೆ ಬಿಟ್ಟುಕೊಂಡು ನಡೆಸಿದಳು.

ಮನೆಯಲ್ಲಿ ಹಾಲ್ ತುಂಬಿತ್ತು. ಫೋನಿನ ಗುಂಪಿನಲ್ಲಿ ಥೈರಾಯ್ಡ್ ಹನ್ನೊಂದಕ್ಕೆ ಗಂಟಲ ಬಾವು ಆಗಿತ್ತು. ಹನ್ನೆರಡಕ್ಕೆ ಗಡ್ಡೆಯಾಗಿತ್ತು. ಒಂದೂವರೆಗೆ ಯಾರೋ ಆಪರೇಷನ್ನಿನ ದಿನವನ್ನೂ ಹೇಳಿದ್ದರು. ಮೂಲಂಗಿ ಕಷಾಯ ಒಬ್ಬರು ತಂದಿದ್ದರು, ಮೀನಿನ ಸತ್ವ ಇನ್ನೊಬ್ಬರು. ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ಬಾನ್ ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ದಪ್ಪ ಪುಸ್ತಕದೊಂದಿಗೆ ಸೋಫಾದ ನಡುವೆ ಕೂತಿದ್ದರು.

"ಸೋಯಾ ಬಿಡಬೇಡಿ," ಎಂದರು ಮೇಷ್ಟ್ರು, ನಲವತ್ತು ವರ್ಷ ಕಾಲ ಕೊನೆಯ ಬೆಂಚಿಗೂ ಕೇಳಿಸಿದ ದನಿಯಲ್ಲಿ. "ನಮ್ಮಪ್ಪ ಮೂರು ಹೊತ್ತೂ ದ್ವೆಂಜಾಂಗ್ ತಿಂದು ತೊಂಬತ್ತೇಳು ವರ್ಷ ಬದುಕಿದ್ರು."

"ನಿಮ್ಮಪ್ಪ ಮೂರು ಹೊತ್ತೂ ಬೀಡಿನೂ ಸೇದ್ತಿದ್ರಂತೆ," ಎಂದಳು ಕೋ. "ಅದನ್ನೂ ಇವರಿಗೆ ಹೇಳ್ತೀರಾ?"

"ಮಾಂಸದಷ್ಟೇ ಸತ್ವ ಇದೆ ಅದ್ರಲ್ಲಿ. ಇಲ್ಲಿ ನೋಡಿ, ಪುಟ ಮೂವತ್ತೊಂದು."

"ಪುಟ ಮೂವತ್ತೊಂದಕ್ಕೆ ಇವರ ಗಂಟಲು ಗೊತ್ತಾ ಮೇಷ್ಟ್ರೇ? ನಮ್ಮ ಚಿಕ್ಕಮ್ಮನ ಮಗಳು ಸೋಯಾ ಹಾಲು ಕುಡಿದು ಮೈಯೆಲ್ಲಾ ದದ್ದು ಎದ್ದು ಆಸ್ಪತ್ರೆ ಸೇರಿದ್ಲು."

"ಅವಳಿಗೆ ಒಗ್ಗಲ್ಲ, ಅದು ಬೇರೆ ಮಾತು. ಒಬ್ಬಳಿಗೆ ಒಗ್ಗಲ್ಲ ಅಂತ ಊರೆಲ್ಲ ಬಿಡಬೇಕಾ?"

ಹಾಲ್ ಎರಡು ಪಕ್ಷವಾಯಿತು. ತಿನ್ನಬೇಕು ಅನ್ನುವವರು ಕಿಟಕಿಯ ಕಡೆ, ಬೇಡ ಅನ್ನುವವರು ಅಡುಗೆಮನೆಯ ಕಡೆ. ಯಾರ ಬಾಯಿಯ ವಿಷಯವೋ ಆ ಚಾಂಗ್‌ಸಿಕ್‌ಗೆ ಕೂರಲು ತನ್ನ ಮನೆಯಲ್ಲೇ ಕುರ್ಚಿ ಇರಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಮೂಲಂಗಿ ಕಷಾಯ ಕುಡಿಯುತ್ತಿದ್ದಾಗ ಮೇಲಧಿಕಾರಿಯ ಫೋನ್ ಬಂತು; ಗುಂಪಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಅವನ ದನಿ ಒದ್ದೆಯಾಗಿತ್ತು. "ಸಾರಿ ಕಣ್ರಿ. ಆವತ್ತು ಕಿಟಕಿ ತೆಗೆದೆ. ಅದು ನಿಮ್ಮ ಔಷಧಿ ವಾಸನೆ ಅಂತ ನಂಗೆ ಗೊತ್ತಿರಲಿಲ್ಲ."

ಚಾಂಗ್‌ಸಿಕ್‌ಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಎಲ್ಲರನ್ನೂ ಹೊರಗೆ ದಬ್ಬಿ, ಬಾಗಿಲು ಹಾಕಿಕೊಂಡು, ಹೆಂಡತಿಗೆ ನಾಲ್ಕು ಗಂಟೆಯ ವಿಷಯ ಹೇಳಿಬಿಡೋಣ ಎಂದು ಅವನು ಮನಸ್ಸು ಮಾಡಿದ. ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಅತ್ತೆ ನಿಂತಿದ್ದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಹೇಸುಕ್ ಬೆಳಿಗ್ಗೆಯೇ ಫೋನಿನಲ್ಲಿ ಅತ್ತಿದ್ದಳಂತೆ.

ಎಪ್ಪತ್ತಾರು ವರ್ಷದ ಮುದುಕಿ ಯಾರನ್ನೂ ನೋಡದೆ ನೇರ ಬಂದು ಅಳಿಯನ ಕುತ್ತಿಗೆ ಮುಟ್ಟಿ ನೋಡಿದಳು. ಬೆರಳುಗಳು ಮರದ ತೊಗಟೆಯ ಹಾಗೆ ಒರಟಾಗಿದ್ದವು.

"ಯಾವಾಗಿನಿಂದ ಅಳಿಯಂದಿರೇ?"

"ಏನಿಲ್ಲ ಅತ್ತೆಮ್ಮ, ಸಣ್ಣದು."

"ಎಲ್ಲಾ ನನ್ನಿಂದ." ಅವಳು ನೆಲದ ಮೇಲೆ ಕೂತಳು. "ನಮ್ಮ ಮನೆಗೆ ಹೆಣ್ಣು ನೋಡೋಕೆ ಬಂದಾಗ ನೀವು ಮೂರು ಬಟ್ಟಲು ಸಾರು ಕುಡಿದ್ರಿ. ಈ ಹುಡುಗನಿಗೆ ಇದಿಲ್ದೆ ಆಗಲ್ಲ ಅಂದ್ಕೊಂಡೆ. ನಾನು ಬದುಕಿರೋವರೆಗೂ ಕೊರತೆ ಮಾಡಬಾರದು ಅಂದ್ಕೊಂಡೆ. ಮೂವತ್ತೊಂದು ಭರಣಿ. ಬಿಸಿಲು ಬಂದ್ರೆ ಮುಚ್ಚಳ ತೆಗೀಬೇಕು, ಮಳೆ ಮೋಡ ಕಂಡ್ರೆ ಮುಚ್ಚಬೇಕು. ಇಪ್ಪತ್ತನಾಲ್ಕು ವರ್ಷ ಒಂದು ರಾತ್ರಿ ಊರು ಬಿಟ್ಟು ಮಲಗಿಲ್ಲ. ಹೇಸುಕ್ ಎಷ್ಟು ಸಲ ಕರೆದ್ಲು, ಅಮ್ಮ ಬಂದು ನಮ್ ಜೊತೆ ಇರು ಅಂತ. ಭರಣಿ ಬಿಟ್ಟು ಹೇಗೆ ಬರ್ಲಿ?"

ಚಾಂಗ್‌ಸಿಕ್‌ನ ಕೈಯಲ್ಲಿದ್ದ ಕಷಾಯ ತಣ್ಣಗಾಯಿತು. ಹೇಸುಕ್ ಹೀಗೆ ಕರೆಯುತ್ತಿದ್ದಳೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅತ್ತೆ ಬರದಿದ್ದದ್ದಕ್ಕೆ ಆ ಭರಣಿಗಳೇ ಕಾರಣವೆಂದೂ ಗೊತ್ತಿರಲಿಲ್ಲ.

"ಇವತ್ತು ಬರ್ತಾ ನಮ್ಮಣ್ಣನ ಮಗ ಗಿಲ್ಸುಗೆ ಬೀಗದ ಕೈ ಕೊಟ್ಟು ಬಂದೆ," ಎಂದಳು ಅತ್ತೆ, ಮೂಗು ಒರೆಸಿಕೊಂಡು. "ಭರಣಿಗಳ್ನ ಊರವರಿಗೆ ಹಂಚಿಬಿಡು ಅಂದೆ. ಇನ್ನು ನಾನು ಇಲ್ಲೇ."

ಹೇಸುಕ್ ಅಮ್ಮನನ್ನು ತಬ್ಬಿಕೊಂಡಳು. ಕೋ ಕಣ್ಣೊರೆಸಿಕೊಂಡಳು. ಕಿಟಕಿ ಪಕ್ಷ, ಅಡುಗೆಮನೆ ಪಕ್ಷ ಎರಡೂ ಒಂದಾಗಿ ತಲೆದೂಗಿದವು.

"ಅತ್ತೆಮ್ಮ," ಎಂದ ಚಾಂಗ್‌ಸಿಕ್. "ಹಂಚಬೇಡಿ. ನಾನು ಸೋಯಾ ತಿನ್ನಬಹುದು. ಮಾತ್ರೆ ನುಂಗಿ ನಾಲ್ಕು ಗಂಟೆ ಬಿಟ್ರೆ ಸಾಕು."

"ನೋಡಿ, ಅತ್ತೆ ಮನಸ್ಸು ನೋಯಬಾರದು ಅಂತ ಹೇಗೆ ಮಾತಾಡ್ತಾರೆ," ಎಂದಳು ಕೋ.

"ನಿಜ ಕಣ್ರಮ್ಮ."

"ಬೆಳಿಗ್ಗೆ ಹಾಗೆ ಹೇಳಲಿಲ್ಲ ನೀವು," ಎಂದಳು ಹೇಸುಕ್.

ಮಾತಿನಿಂದ ಆಗುವುದಿಲ್ಲವೆಂದು ಕಂಡ ಚಾಂಗ್‌ಸಿಕ್ ಅಡುಗೆಮನೆಗೆ ನುಗ್ಗಿದ. ಫ್ರಿಜ್ಜಿನಲ್ಲಿ ಬೆಳಗಿನ ಸಾರಿತ್ತು. ಕಲ್ಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಎಲ್ಲರೂ ನೋಡುತ್ತಿರುವಂತೆ, ತಣ್ಣಗಿನ ದ್ವೆಂಜಾಂಗ್ ಸಾರನ್ನು ತೋಫು ತುಂಡುಗಳ ಸಮೇತ ಗಟಗಟ ಕುಡಿದ. ತಳದ ಮೊಳಕೆಯನ್ನೂ ಬಿಡಲಿಲ್ಲ. ಪಾತ್ರೆ ಕೆಳಗಿಟ್ಟು, "ನೋಡಿ. ಏನೂ ಆಗ್ಲಿಲ್ಲ," ಎಂದ.

ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೋ ಮೆಟ್ಟಿಲಿಳಿದು ಓಡಿದಳು.

"ಜೀವ ಹೋದ್ರೂ ಪರವಾಗಿಲ್ಲ, ಅತ್ತೆ ಕೈಯಡುಗೆ ಬಿಡಲ್ಲ ಅಂತೀರಲ್ಲ," ಎಂದಳು ಅತ್ತೆ ಅಳುತ್ತಾ. "ಹೊಟ್ಟೇಲಿ ಹುಟ್ಟಿದ ಮಗನೂ ಇಷ್ಟು ಮಾಡಲ್ಲ. ಇಂಥವರನ್ನ ಬಿಟ್ಟು ನಾನು ಇನ್ನೆಲ್ಲಿಗೆ ಹೋಗ್ಲಿ?"

ಹತ್ತು ನಿಮಿಷದಲ್ಲಿ ಕೋ ಔಷಧದಂಗಡಿಯ ಮಾಂಗ್‌ನನ್ನು ತೋಳು ಹಿಡಿದು ಎಳೆದುತಂದಳು. ಅವನ ಮೈಮೇಲೆ ಇನ್ನೂ ಬಿಳಿ ಕೋಟು, ಕಾಲಲ್ಲಿ ಒಂದು ಚಪ್ಪಲಿ ಮಾತ್ರ. ನಡೆದದ್ದನ್ನು ಕೇಳಿ ಅವನು ಚಾಂಗ್‌ಸಿಕ್‌ನನ್ನು ಬಹಳ ಹೊತ್ತು ನೋಡಿದ.

"ನಾಲ್ಕು ಗಂಟೆ ಬಿಟ್ಟು ತಿನ್ನಿ ಅಂತ ಸ್ಪಷ್ಟವಾಗಿ ಹೇಳಿದ್ನಲ್ಲ ಸಾರ್. ನೀವು ತಲೆ ಕೂಡ ಆಡಿಸಿದ್ರಿ."

ಮೇಷ್ಟ್ರು ಬಾನ್ ಗೆದ್ದವರಂತೆ ಪುಸ್ತಕ ಮುಚ್ಚಿದರು. ಉಳಿದವರೆಲ್ಲ ಚಾಂಗ್‌ಸಿಕ್‌ನತ್ತ ತಿರುಗಿದರು. ಹೇಸುಕ್‌ಳ ಕಣ್ಣು ಕಿರಿದಾಯಿತು. ಇಪ್ಪತ್ತನಾಲ್ಕು ವರ್ಷ ಜೊತೆಗೆ ಬಾಳಿದವಳಿಗೆ ಲೆಕ್ಕ ಕೂಡಿಸಲು ತಡವಾಗಲಿಲ್ಲ.

ಅತ್ತೆ ನಿಧಾನಕ್ಕೆ ಎದ್ದು ಅವನ ಎದುರಿಗೆ ಬಂದು ನಿಂತಳು. ದನಿ ತೀರ ಸಣ್ಣದಾಗಿತ್ತು. "ಅಳಿಯಂದಿರೇ, ನಿಮಗೆ ನನ್ನ ದ್ವೆಂಜಾಂಗ್ ಸೇರಲ್ವಾ? ಇದ್ದದ್ದು ಹೇಳಿ. ನಂಗೇನೂ ಬೇಜಾರಿಲ್ಲ."

ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರುವುದಿಲ್ಲವೆಂದು ಚಾಂಗ್‌ಸಿಕ್‌ಗೆ ಗೊತ್ತಿತ್ತು. ನಾಲಿಗೆಯ ತುದಿಗೆ ಮಾತೂ ಬಂದಿತ್ತು. ಆದರೆ ಎದುರಿಗೆ ಆ ಕೈಗಳಿದ್ದವು, ಉಪ್ಪುನೀರಿಗೆ ಬಿರಿದು ಬಿರಿದು ಇನ್ನು ಬಿರಿಯಲು ಜಾಗವಿಲ್ಲದ ಬೆರಳುಗಳು. ಅವು ಅವಳ ಕೋಟಿನ ಅಂಚನ್ನು ಹಿಡಿದು ತಿರುವುತ್ತಿದ್ದವು.

"ಸೇರುತ್ತೆ ಅತ್ತೆಮ್ಮ," ಎಂದ ಅವನು. "ತುಂಬಾ ಸೇರುತ್ತೆ. ಮಾಂಗ್ ಹೇಳಿದ್ದು ನನಗೆ ಅರ್ಧ ಕೇಳಿಸಿತ್ತು."

ಮುದುಕಿಯ ಮುಖ ದೀಪ ಹಚ್ಚಿದಂತಾಯಿತು. ಚಾಂಗ್‌ಸಿಕ್‌ಗೂ ಒಂದು ಬಗೆಯ ನೆಮ್ಮದಿಯಾಯಿತು. ಸಾರು ಕುಡಿಯುವ ಅಭ್ಯಾಸ ಹೇಗೂ ಇದೆ. ಅತ್ತೆ ಭರಣಿಗಳ ಬಳಿಗೆ ಹೋಗುತ್ತಾಳೆ, ಕೋಟಿಗೆ ವಾಸನೆ ಬರುತ್ತದೆ, ಎಲ್ಲ ಮೊದಲಿನಂತೆ.

"ಗಿಲ್ಸುಗೆ ಫೋನ್ ಹಚ್ಚು ಹೇಸುಕ್," ಎಂದಳು ಅತ್ತೆ. "ಹಂಚಬೇಡ ಅನ್ನು."

"ಹಾಗಾದ್ರೆ ನೀನು ವಾಪಸ್ ಹೋಗ್ತೀಯಾ ಅಮ್ಮ?" ಎಂದಳು ಹೇಸುಕ್, ಗಂಡನ ಮೇಲಿಂದ ಕಣ್ಣು ತೆಗೆಯದೆ.

"ಅರ್ಧ ಕೇಳಿಸಿಕೊಳ್ಳೋ ಮನುಷ್ಯನ್ನ ನಿನ್ ಕೈಲಿ ಬಿಟ್ಟು ಹೇಗೆ ಹೋಗ್ಲಿ? ನೀನು ಕೆಲಸಕ್ಕೆ ಹೋಗ್ತೀಯ. ದಿನಾ ಮಾತ್ರೆ ಕೊಟ್ಟು ನಾಲ್ಕು ಗಂಟೆ ಗಡಿಯಾರ ನೋಡೋರು ಯಾರು? ನಾನು ಇಲ್ಲೇ ಇರ್ತೀನಿ. ಆದ್ರೆ ಭರಣಿ ಇಡೋಕೆ ಬಿಸಿಲಿರೋ ಜಾಗ ಬೇಕಲ್ಲ."

"ತಾರಸಿ ಇದೆಯಲ್ಲ ಅಜ್ಜಿ," ಎಂದಳು ಕೋ ಮುಂದೆ ಬಂದು. "ಇವರ ಮನೆ ಮೇಲೇನೇ. ಸಂಘದಿಂದ ನಾನು ಒಪ್ಪಿಗೆ ಕೊಡಿಸ್ತೀನಿ. ಇನ್ನೂರ ನಲವತ್ತು ಮನೆಗೂ ಒಳ್ಳೇ ದ್ವೆಂಜಾಂಗ್ ಸಿಕ್ಕಿದ ಹಾಗಾಯ್ತು."

ಹೇಸುಕ್ ಫೋನ್ ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಗಿಲ್ಸು ಏನೋ ಕೇಳಿದ. ಅವಳು ಫೋನಿಗೆ ಕೈ ಅಡ್ಡ ಹಿಡಿದು ಹೇಳಿದಳು, "ನಾಳೆ ಬೆಳಿಗ್ಗೆ ಲಾರಿ ಕಳಿಸ್ತಾನಂತೆ ಅಮ್ಮ. ಆದ್ರೆ ತುಂಬಿದ ಭರಣಿ ಲಿಫ್ಟಲ್ಲಿ ಹೋಗಲ್ಲ, ಮೆಟ್ಟಿಲ ಮೇಲೆ ಹೊರೋಕೆ ಜನ ಇದಾರಾ ಅಂತ ಕೇಳ್ತಿದಾನೆ."

ಅತ್ತೆ ಚಾಂಗ್‌ಸಿಕ್‌ನ ಹೆಗಲನ್ನು ಪ್ರೀತಿಯಿಂದ ತಟ್ಟಿದಳು.

"ಅಳಿಯಂದಿರಿದಾರೆ ಅನ್ನು."