ಬ್ಯಾಕ್ಟೀರಿಯಾ ಮಾಡಿದ ಎಂಜಲು

ಮಾವನ ಊರಾದ ಕಮಲಾಪುರದ ಜನ ನನ್ನನ್ನು ವಿಜ್ಞಾನಿ ಎಂದು ಕರೆಯುವ ದಿನ ಬಂದೇಬಿಟ್ಟಿತು ಎಂದುಕೊಂಡೇ ಹೆಂಡತಿಯೊಂದಿಗೆ ಕಲಬುರಗಿಯಲ್ಲಿ ಬಸ್ಸು ಹತ್ತಿದೆ. ತೊಂಬತ್ತರ ದಶಕದ ಕೊನೆ. ಮದುವೆಯಾದ ಮೇಲೂ ಸಂಶೋಧನೆ ಎಂದು ಓದುತ್ತಲೇ ಇದ್ದ ನನ್ನನ್ನು ಮಾವನವರು ಯಾರಿಗಾದರೂ ಪರಿಚಯಿಸುವಾಗ “ಇನ್ನೂ ಸಾಲಿಗೆ ಹೋಗ್ತಾರ” ಎನ್ನುತ್ತಿದ್ದರು. ಈಗ ಅವರೇ ಹೆಡ್‌ಮಾಸ್ತರರಾಗಿದ್ದ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಾನು ಮುಖ್ಯ ಅತಿಥಿ! ಆ ಮಾತನ್ನು ಅವರು ನುಂಗುವಂತೆ ಮಾಡಲೇಬೇಕಿತ್ತು.

ತೊಡೆಯ ಮೇಲಿನ ಥರ್ಮಾಸಿನಲ್ಲಿ, ಐಸಿನ ನಡುವೆ, ನನ್ನ ಬ್ರಹ್ಮಾಸ್ತ್ರ: ಪುಟ್ಟ ಶೀಶೆಯಲ್ಲಿ ಕಿಣ್ವ. ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ದುಡಿಸಿ ತೆಗೆದದ್ದು.

ಮಾವನ ಮನೆ ಮುಟ್ಟಿದ ಕೂಡಲೇ ಶೀಶೆಯನ್ನು ಫ್ರಿಜ್ಜಿಗೆ ಸೇರಿಸಿದೆ.

“ಔಷಧೇನ್ರಿ?” ಎಂದರು ಅತ್ತೆ.

“ಅಲ್ಲರಿ ಅತ್ತಿ. ಮನುಷ್ಯಾರ ಎಂಜಲದಾಗ ಅನ್ನ ಕರಗಸೋ ಕಿಣ್ವ ಇರ್ತದಲ್ಲ, ಅದೇ ಇದು. ನಮ್ಮ ಬ್ಯಾಕ್ಟೀರಿಯಾ ಮಾಡ್ಯಾವ!”

“ಎಂಜಲಾ ಮಾಡ್ಲಿಕ್ಕೆ ಇಷ್ಟು ವರ್ಷ ಬೇಕಾತೇನ್ರಿ?” ಎಂದಳು ಹೆಂಡತಿ.

ಅತ್ತೆ ಮಾತಾಡಲಿಲ್ಲ. ಬೆರಗಾಗಿದ್ದಾರೆ ಎಂದುಕೊಂಡೆ. ಮಡಿ ಹೆಂಗಸಿನ ಮೌನವನ್ನು ಬೆರಗೆಂದು ತಿಳಿದದ್ದು ನನ್ನ ಮೊದಲ ಸಂಶೋಧನಾ ದೋಷ.

ಹೋಳಿಗೆ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಶಾಲೆಗೆ ಹೊರಡಲೆಂದು ಫ್ರಿಜ್ಜು ತೆಗೆದರೆ ಶೀಶೆ ಇಲ್ಲ!

“ಬಚ್ಚಲದಾಗ ಇಟ್ಟೀನ್ರಿ ಅಳಿಯಂದ್ರ. ದೇವರ ಹಾಲಿನ ಬಾಜೂಕ ಎಂಜಲಾ ಇಡ್ತಾರೇನ್ರಿ?” ಎಂದರು ಅತ್ತೆ.

ಓಡಿದೆ. ಬಚ್ಚಲಲ್ಲಿ ಹಂಡೆ ಕುದಿಯುತ್ತಿತ್ತು. ಅದರ ಮುಚ್ಚಳದ ಮೇಲೆ ನನ್ನ ಕಿಣ್ವ! ಆ ಮನೆಯಲ್ಲಿ ಹೇಳಬಾರದ ಹೋಲಿಕೆ, ಆದರೂ ಹೇಳುತ್ತೇನೆ: ಕಾವಿಗೆ ಕೆಟ್ಟು ಬೆಂದ ಮೊಟ್ಟೆಯ ಗತಿಯಾಗಿತ್ತು. ನನಗೆ ಅಳುವೇ ಬಂತು.

ತುಸುವಾದರೂ ಉಳಿದಿರಬಹುದೆಂಬ ಆಸೆಯಿಂದ ವೇದಿಕೆ ಹತ್ತಿದೆ. ಪ್ರನಾಳದಲ್ಲಿದ್ದ ಜೋಳದ ಗಂಜಿಗೆ ಅಯೋಡಿನ್ ಹಾಕಿದೆ. ಕಡುನೀಲಿಯಾಯಿತು. “ಈಗ ನಮ್ಮ ಕಿಣ್ವ ಈ ನೀಲಿಯನ್ನು ಮಾಯ ಮಾಡಲಿದೆ!” ಎಂದು ಘೋಷಿಸಿ ಶೀಶೆ ಸುರಿದೆ. ಕಾದೆ. ಸಭೆಯೂ ಕಾಯಿತು. ಜಪ್ಪಯ್ಯ ಎಂದರೂ ನೀಲಿ ಕದಲಲಿಲ್ಲ.

ಹೆಂಡತಿ ನೀರಿನ ಲೋಟ ಕೊಡುವ ನೆಪದಲ್ಲಿ ಬಂದು ಪಿಸುಗುಟ್ಟಿದಳು: “ರೀ, ಆ ಕಿಣ್ವ ನಿಮ್ಮ ಬಾಯಾಗೂ ಅದ ಅಲ್ರೀ!”

ಹೌದಲ್ಲ! ಸಭೆಗೆ ಬೆನ್ನು ಹಾಕಿ ಪ್ರನಾಳಕ್ಕೆ ಧಾರಾಳವಾಗಿ ಉಗುಳಿದೆ. ದವಡೆಯಲ್ಲಿ ತಾಂಬೂಲವಿದ್ದದ್ದು ಉಗುಳಿದ ಮೇಲೆ ನೆನಪಾಯಿತು! ಅದರ ಸುಣ್ಣಕ್ಕೆ ನೀಲಿ ಓಡಿಹೋಗಿ, ಪ್ರನಾಳ ಕೆಂಪಗೆ ಹೊಳೆಯುತ್ತಿತ್ತು. ಎತ್ತಿ ಹಿಡಿದೆ. ಸಭೆಯೆಲ್ಲ ಚಪ್ಪಾಳೆ! ಗೆದ್ದೆ ಎಂದುಕೊಂಡು ಅದನ್ನು ವೇದಿಕೆಯ ಮೇಲೆ ಕೂತಿದ್ದ ಮಾವನವರ ಕೈಗೇ ಕೊಟ್ಟೆ.

ಅವರು ಬೆಳಕಿಗೆ ಹಿಡಿದರು. ತೇಲುತ್ತಿದ್ದ ಅಡಿಕೆ ಚೂರನ್ನು ಸಾವಕಾಶವಾಗಿ ನೋಡಿದರು. ಮುಂದೆ ಮೈಕಿದೆ ಎಂಬುದನ್ನು ಮರೆತು ಕೇಳಿದರು:

“ಅಳಿಯಂದ್ರ, ನಿಮ್ಮ ಬ್ಯಾಕ್ಟೀರಿಯಾ ಎಲಿ ಅಡಿಕಿ ಭೀ ಹಾಕ್ಕೋತಾವೇನ್ರಿ?”

ಡಾಕ್ಟರೇಟು ಆಮೇಲೆ ಬಂತು. ಮಾವನವರೂ ನಾನು ಸಾಲಿಗೆ ಹೋಗುತ್ತೇನೆ ಎನ್ನುವುದನ್ನು ಬಿಟ್ಟರು. ಈಗ ಪರಿಚಯಿಸುವುದು ಹೀಗೆ: “ಸ್ಟೇಜಿನ ಮ್ಯಾಲ ಉಗುಳಿದವ್ರು ಇವ್ರೇ ನೋಡ್ರಿ!”